ಬಂದರಿನ ನೀರಿಗೆ ಬಂದು ಸೇರಿದವರು



ಮುಂಬೈಯ ಭಾವುಚಾ ಧಕ್ಕಾದಿಂದ ಮೋರಾಕ್ಕೋ ರೇವಸ್‌ಗೋ ಲಾಂಚ್ ಹತ್ತುವವರು ನಿಮ್ಮಲ್ಲಿ ಅನೇಕರಿರಬಹುದು. ನೀರು ಇಳಿದ ಹೊತ್ತಿನಲ್ಲಿ ಧಕ್ಕೆಯ ಕಂಬಗಳನ್ನು ಒಮ್ಮೆ ನೋಡಿ. ಕಂಬದ ಮೈತುಂಬ ಚಿಪ್ಪು, ಪಾಚಿ, ಹುಳ. ಇದರಲ್ಲಿ ಇಲ್ಲಿಯದು ಯಾವುದು, ಹಡಗಿನ ಜೊತೆ ಬಂದದ್ದು ಯಾವುದು?

ಸರಕಿಲ್ಲದ ಹಡಗು ಓಲಾಡದಂತೆ ಹೊಟ್ಟೆಯಲ್ಲಿ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಇದೇ ಬ್ಯಾಲಾಸ್ಟ್ ನೀರು. ಮುಂದಿನ ಬಂದರಿನಲ್ಲಿ ಸರಕು ಹೇರುವಾಗ ಅದನ್ನು ಹೊರಗೆ ಚೆಲ್ಲುತ್ತಾರೆ. ನೀರಿನ ಜೊತೆ ದೂರದೇಶದ ಮರಿ, ಮೊಟ್ಟೆಗಳೂ ಇಳಿಯುತ್ತವೆ. ಹಡಗಿನ ತಳಕ್ಕೆ ಅಂಟಿಕೊಂಡು ಬರುವವು ಬೇರೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮನ್ನೇ ಹೇಳಿದಂತಿದೆ ಎಂದು ನಗಬೇಡಿ!

ಇವುಗಳ ಲೆಕ್ಕ ಹಿಡಿಯುವ ಕೆಲಸ ಮುಂಬೈಯಲ್ಲಿ ನಡೆದಿದೆ. 2000ದಲ್ಲಿ ಆರಂಭವಾದ ಗ್ಲೋಬ್ಯಾಲಾಸ್ಟ್ ಯೋಜನೆಗೆ ಜಗತ್ತಿನ ಆರು ಬಂದರುಗಳನ್ನು ಆರಿಸಿದ್ದರು, ಅವುಗಳಲ್ಲಿ ಮುಂಬೈಯೂ ಒಂದು. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಮುಂಬೈ ಮತ್ತು ಜವಾಹರಲಾಲ್ ನೆಹರು ಬಂದರುಗಳ ಜೀವಿಗಳ ಸಮೀಕ್ಷೆ ಮಾಡಿದರು. ಇಂಥ ಸಮೀಕ್ಷೆಯಲ್ಲಿ ಕಂಬದ ಮೇಲೆ ಒಂದು ಚೌಕಟ್ಟು ಇಟ್ಟು, ಅದರೊಳಗಿನದನ್ನೆಲ್ಲ ಕೆರೆದು ಚೀಲಕ್ಕೆ ತುಂಬುತ್ತಾರೆ. ತಳದ ಕೆಸರನ್ನು ಕೊಳವೆಯಲ್ಲಿ ಎತ್ತುತ್ತಾರೆ, ಏಕೆಂದರೆ ಕೆಲವು ಸೂಕ್ಷ್ಮ ಪಾಚಿಗಳು ಬೀಜದಂತೆ ಅಲ್ಲಿ ಮಲಗಿರುತ್ತವೆ. ಸಣ್ಣ ಕಣ್ಣಿನ ಬಲೆ ಎಳೆಯುತ್ತಾರೆ, ಏಡಿಗೆ ಬೋನು ಇಡುತ್ತಾರೆ.

ನನ್ನ ದೃಷ್ಟಿಯಲ್ಲಿ ಕಷ್ಟವೆಲ್ಲ ಆಮೇಲೆ. ಚೀಲದಲ್ಲಿರುವ ಪ್ರತಿಯೊಂದು ಜೀವಿಯ ಹೆಸರು ಹೇಳಬಲ್ಲ ತಜ್ಞರು ಬೇಕು. ಹೆಸರು ಸಿಕ್ಕರೂ ಅದು ಎಲ್ಲಿಯದು ಎಂದು ತೀರ್ಮಾನಿಸುವುದು ಸುಲಭವಲ್ಲ. ಹಡಗುಗಳು ಬರಲಾರಂಭಿಸಿ ಎಷ್ಟೋ ಶತಮಾನ ಆಗಿದೆ. ಅದಕ್ಕೂ ಮುಂಚಿನ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಹಲವು ಜೀವಿಗಳ ಮುಂದೆ 'ಮೂಲ ತಿಳಿಯದು' ಎಂದೇ ಬರೆಯಬೇಕಾಗುತ್ತದೆ.

ಪಟ್ಟಿ ಇದ್ದರೆ ಏನು ಪ್ರಯೋಜನ? ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ಕೇಳಿ. 1999ರ ಮಾರ್ಚಿನಲ್ಲಿ ಅಲ್ಲಿಯ ದೋಣಿಕಟ್ಟೆಯಲ್ಲಿ ಸಮೀಕ್ಷಕರಿಗೆ ಕಪ್ಪು ಪಟ್ಟೆಯ ಒಂದು ಪುಟ್ಟ ಚಿಪ್ಪುಜೀವಿ ಸಿಕ್ಕಿತು. ಮಧ್ಯ ಅಮೆರಿಕದ ಕಡೆಯದು, ನಮ್ಮ ಕರಾವಳಿಯ ಪಚ್ಚಿಲೆಯಂತೆ ಕಾಣುತ್ತದೆ, ಆದರೆ ಬಹಳ ಚಿಕ್ಕದು. ಕೆಲವೇ ತಿಂಗಳ ಹಿಂದೆ ನೋಡಿದಾಗ ಅಲ್ಲಿ ಅದು ಇರಲಿಲ್ಲ, ಆದ್ದರಿಂದ ಹೊಸದು ಎಂದು ಕೂಡಲೇ ತಿಳಿಯಿತು. ಗೇಟು ಮುಚ್ಚಿ, ದೋಣಿಗಳನ್ನು ತಡೆದು, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದರು. ಒಳಗಿದ್ದ ಮೀನುಗಳೂ ಸತ್ತವು. ಚಿಪ್ಪು ಪೂರ್ತಿ ನಾಶವಾಯಿತು.

ಅದೇ ಜೀವಿ 1967ರಲ್ಲೇ ವಿಶಾಖಪಟ್ಟಣದಲ್ಲಿ ಕಂಡಿತ್ತು. 1970ರ ದಶಕದಲ್ಲಿ ಮುಂಬೈಯಲ್ಲೂ ಸಿಕ್ಕಿತು. ಇಲ್ಲಿ ಅದು ಬೇರೂರಿಬಿಟ್ಟಿದೆ. ತೆರೆದ ಬಂದರಿಗೆ ಗೇಟು ಎಲ್ಲಿಂದ ತರೋಣ?

ಬ್ಯಾಲಾಸ್ಟ್ ನೀರಿನ ಬಗ್ಗೆ 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಜಾರಿಗೆ ಬರಲು 2017ರ ಸೆಪ್ಟೆಂಬರ್ ಆಯಿತು, ಹದಿಮೂರು ವರ್ಷ! ಹಡಗಿನ ಮೇಲೆಯೇ ನೀರನ್ನು ಶುದ್ಧಿ ಮಾಡುವ ಯಂತ್ರಗಳು ಬಂದಿವೆ. ಒಳ್ಳೆಯದೇ. ಆದರೆ ಈಗಾಗಲೇ ಇಳಿದವು ಇಳಿದಾಗಿದೆ.

ಚೆನ್ನೈಯ ಕೇಳುಗರಿಗೆ ಇದು ಹೊಸ ವಿಷಯವಲ್ಲ. ಎಣ್ಣೂರಿನ ಹಿನ್ನೀರಿನಲ್ಲಿ ಅಮೆರಿಕ ಮೂಲದ ಇನ್ನೊಂದು ಚಿಪ್ಪು ತಳದ ಮೇಲೆ ಚಾಪೆಯಂತೆ ಹರಡಿದೆ. ನೀರಿಗಿಳಿದು ಕೈಯಿಂದಲೇ ಸಿಗಡಿ ಹಿಡಿದು ಬದುಕುವ ಜನ ಅಲ್ಲಿದ್ದಾರೆ. ಸಿಗಡಿ ಹುದುಗುವ ಕೆಸರೇ ಮುಚ್ಚಿಹೋದರೆ ಅವರು ಏನು ಹಿಡಿಯಬೇಕು? ಚಿಪ್ಪಿನ ಅಂಚು ತಾಗಿ ಕೈಕಾಲು ಕುಯ್ದುಕೊಳ್ಳುವುದು ಬೇರೆ. ಮೀನುಗಾರರು ಅದಕ್ಕೆ 'ಕಾಕ್ಕಾ ಆಳಿ' ಎಂದು ತಮ್ಮದೇ ಹೆಸರಿಟ್ಟಿದ್ದಾರೆ.