ವೈರು ಬದಲಿಸಿ, ಯಂತ್ರ ಬಾಳಿಸಿ



1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಬಂದಿತು. ಇಂದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಕೈಯಲ್ಲಿ ಉಳಿಯ ಜೊತೆಗೆ ಕಲ್ಲು ಕೊಯ್ಯುವ ಯಂತ್ರವೂ ಇದೆ. ಅನೇಕ ವೇಳೆ ಮೋಟಾರಿಗಿಂತ ಮೊದಲು ಕೆಡುವುದು, ಹಿಡಿಯ ಬುಡದಲ್ಲಿ ಸದಾ ಬಾಗುವ ವೈರು.

ಸೀಳಿದ ವೈರಿಗೆ ಟೇಪು ಸುತ್ತುವುದು ದುರಸ್ತಿಯಲ್ಲ. ಧೂಳಡಗಿಸಲು ನೀರು ಹಾಯಿಸುವಲ್ಲಿ 230 ವೋಲ್ಟಿನ ವಿದ್ಯುತ್ತು ಒದ್ದೆ ಕೈಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ. ವೈರನ್ನು ಪೂರ್ಣವಾಗಿ ಬದಲಿಸಬೇಕು.

ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಹಿಡಿಯ ಸ್ಕ್ರೂ ಬಿಚ್ಚಿ, ಯಾವ ತಂತಿ ಎಲ್ಲಿ ಸೇರಿದೆಯೆಂದು ಬರೆದುಕೊಳ್ಳಬೇಕು. ಹೊಸ ವೈರಿನ ದಪ್ಪವೂ ತಂತಿಗಳ ಸಂಖ್ಯೆಯೂ ಹಳೆಯದರಂತೆಯೇ ಇರಬೇಕು. ಮೂರು ತಂತಿಯ ವೈರಿನಲ್ಲಿ ಹಸಿರು ಅರ್ಥಿಂಗಿನದು; ಅದನ್ನು ಕತ್ತರಿಸಿ ಬಿಡಬಾರದು. ಚೌಕದೊಳಗೆ ಚೌಕದ ಗುರುತಿರುವ ಯಂತ್ರಕ್ಕೆ ಇಮ್ಮಡಿ ರಕ್ಷಣಾ ಕವಚವಿರುವುದರಿಂದ ಎರಡೇ ತಂತಿ. ರಬ್ಬರಿನ ತೋಳನ್ನು ಮೊದಲೇ ಪೋಣಿಸಿ, ವೈರಿನ ಹೊರಕವಚವನ್ನು ಒಳಗಿನ ಕ್ಲಾಂಪಿನಲ್ಲಿ ಬಿಗಿಯಬೇಕು. ಎಳೆತವನ್ನು ಕ್ಲಾಂಪು ತಾಳಬೇಕೇ ಹೊರತು ತಂತಿಯ ಬೆಸುಗೆಯಲ್ಲ. ಮುಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದ ಸಂಪರ್ಕದಿಂದಲೇ ಓಡಿಸುವುದು ಕ್ಷೇಮ. ಅರಿಯದವರು ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸಲಿ.

ಕೆಲವು ಮೀಟರ್ ವೈರಿಗಾಗಿ ಯಂತ್ರವನ್ನೇ ಎಸೆದರೆ, ಗಣಿಯಿಂದ ಅಗೆದ ತಾಮ್ರ, ಉಕ್ಕು ಎರಡೂ ವ್ಯರ್ಥ. ಹಳೆಯ ವೈರನ್ನು ತಾಮ್ರಕ್ಕಾಗಿ ಸುಡಲೂಬಾರದು. ಪಿವಿಸಿಯ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿವೆ. ಬೆಟ್ಟದ ಕಲ್ಲನ್ನು ಮಿತವಾಗಿ ಬಳಸಬೇಕೆನ್ನುವ ಕೈ, ಯಂತ್ರವನ್ನೂ ಬಾಳಿಸಲು ಕಲಿಯಲಿ.