ಆರನೇ ತಿಂಗಳ ಔಷಧಿ ಚೀಟಿ



ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ಪರೇಲಿನ ಕೆಇಎಂ ಆಸ್ಪತ್ರೆಗೆ ಹೋಗಿಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಅಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ಎಂಬ ಶಸ್ತ್ರವೈದ್ಯರಿದ್ದರು. ವರ್ಷಗಟ್ಟಲೆ ನಾಯಿಗಳ ಮೇಲೆ ಪ್ರಯೋಗ ನಡೆಸಿ, 1968ರ ಫೆಬ್ರವರಿಯಲ್ಲಿ ಮನುಷ್ಯನಿಗೆ ಹೃದಯ ಕಸಿ ಮಾಡಿದರು. ಕೇಪ್‌ಟೌನಿನಲ್ಲಿ ಜಗತ್ತಿನ ಮೊದಲ ಹೃದಯ ಕಸಿಯಾಗಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ರೋಗಿ ಬದುಕಿದ್ದು ಕೆಲವೇ ಗಂಟೆ. ಅದೇ ವರ್ಷದ ಎರಡನೇ ಪ್ರಯತ್ನವೂ ಫಲಿಸಲಿಲ್ಲ.

ಕಸಿ ನಿಲ್ಲಬೇಕಾದರೆ ವೈದ್ಯರ ಕೈಗುಣವೊಂದೇ ಸಾಲದು. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಬಳಕೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಮೆದುಳು ಸತ್ತವರಿಂದ ಅಂಗ ಪಡೆಯಲು ಕಾನೂನಾದದ್ದು 1994ರಲ್ಲಿ. ಆ ವರ್ಷದ ಆಗಸ್ಟಿನಲ್ಲೇ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಅದನ್ನು ನೋಡಲು ಸೇನ್ ಇರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು.

ಇಂದು ನವಿ ಮುಂಬಯಿಯಲ್ಲೂ ಅಂಗ ಕಸಿ ನಡೆಯುತ್ತದೆ. ಆದರೆ ಮನೆಗೆ ಬಂದ ರೋಗಿ ದಿನವೂ ಮಾತ್ರೆ ನುಂಗುತ್ತಲೇ ಇರಬೇಕು. ದುಡ್ಡಿಲ್ಲವೆಂದು ಬಿಟ್ಟರೆ ಕಸಿಯಾದ ಮೂತ್ರಪಿಂಡ ಕೈಕೊಡುತ್ತದೆ, ಮತ್ತೆ ಡಯಾಲಿಸಿಸ್. ಶಸ್ತ್ರಚಿಕಿತ್ಸೆಗೆ ನಾಲ್ಕು ಜನ ಕೂಡಿ ಹಣ ಹೊಂದಿಸುತ್ತಾರೆ. ಆರನೇ ತಿಂಗಳ ಔಷಧಿ ಚೀಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ವೈದ್ಯಕೀಯ ನಿಧಿ ಆ ಚೀಟಿಗೆ ಆಸರೆಯಾಗಲಿ. ದೊಡ್ಡ ಮೊತ್ತ ಆಗದಿದ್ದರೆ ತಿಂಗಳಿಗಿಷ್ಟೆಂದು ಕೊಡಿ.

ಜೊತೆಗೆ, ಅಂಗದಾನದ ನಿಮ್ಮ ಇಚ್ಛೆಯನ್ನು ಇಂದೇ ಮನೆಯವರಿಗೆ ಹೇಳಿಡಿ. ಆ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.