ಉಪ್ಪು ಮುಂದೆ, ನೀರು ಹಿಂದೆ
(ನಮ್ಮ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಆಂಟಾಪ್ ಹಿಲ್ಲಿನಲ್ಲಿ ವಾಸಮಾಡುವ ನಮಗೆ ಉಪ್ಪು ಹೊಸ ವಿಷಯವೇನಲ್ಲ. ನಮ್ಮ ಮಗ್ಗುಲಿನ ರಸ್ತೆಯ ಹೆಸರೇ ಸಾಲ್ಟ್ ಪ್ಯಾನ್ ರೋಡ್. ವಡಾಲದ ಕಡೆ ಸಮುದ್ರದ ನೀರನ್ನು ಪಾತಿ ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಿದ್ದ ಆಗರಗಳಿಂದ ಬಂದ ಹೆಸರು ಅದು. ನಮ್ಮಲ್ಲಿ ಉತ್ತರ ಕನ್ನಡದಿಂದ ಬಂದವರಿಗೆ ಗೋಕರ್ಣದ ಬಳಿಯ ಸಾಣಿಕಟ್ಟಾ ನೆನಪಾಗದೆ ಇರದು. ಆದರೆ ಇಂದು ನಾವು ಹೇಳಹೊರಟದ್ದು ಆಗರದ ಉಪ್ಪಿನ ಮಾತಲ್ಲ, ಪ್ರಾಣಿಗಳ ಮೈಯೊಳಗಿನ ಉಪ್ಪಿನ ಮಾತು.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವುಂಟು. ಕಳೆದ ಮಳೆಗಾಲದಲ್ಲಿ ನಮ್ಮ ಸಾಲಿನ ಮನೆಯೊಂದರಲ್ಲಿ ಎರಡು ವರ್ಷದ ಮಗುವಿಗೆ ಭೇದಿಯಾಯಿತು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಹಿರಿಯರು ನೀರನ್ನೇ ನಿಲ್ಲಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದಿತ್ತು, ಅತ್ತರೆ ಕಣ್ಣೀರಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಓಡಿದ ಮೇಲೆ ಹೇಗೋ ಬದುಕಿಕೊಂಡಿತು. ಆ ಹಿರಿಯರಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯಿತ್ತೇ? ಖಂಡಿತ ಇಲ್ಲ. ನೀರಿನ ನಡೆ ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಆ ನಡೆ ನಮ್ಮ ಅಡಿಗೆಮನೆಯಲ್ಲೇ ಕಾಣಸಿಗುತ್ತದೆ. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ, ಒಂದು ಹನಿ ನೀರು ಹಾಕದಿದ್ದರೂ ಕೆಲವು ದಿನಗಳಲ್ಲಿ ನೀರೊಡೆಯುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ಒಣದ್ರಾಕ್ಷಿಯನ್ನು ಬರಿಯ ನೀರಿನಲ್ಲಿ ನೆನೆಸಿದರೆ ಅದು ಉಬ್ಬುತ್ತದೆ. ತೆಳುಪೊರೆಯ ಎರಡು ಬದಿಗಳಲ್ಲಿ ಎಲ್ಲಿ ಉಪ್ಪೋ ಸಕ್ಕರೆಯೋ ಹೆಚ್ಚು ಕರಗಿದೆಯೋ ಅತ್ತ ನೀರು ಸರಿಯುತ್ತದೆ. ನೀರನ್ನೇ ನೇರವಾಗಿ ಎಳೆದು ಸಾಗಿಸುವ ಯಂತ್ರವೊಂದು ಪ್ರಾಣಿಗಳ ಮೈಯಲ್ಲಿ ಕಂಡುಬಂದಿಲ್ಲ. ಅವು ಸಾಗಿಸುವುದು ಉಪ್ಪನ್ನು, ಇಲ್ಲವೆ ಅಂಥ ಕರಗಿದ ವಸ್ತುವನ್ನು. ನೀರು ತಾನಾಗಿ ಅದರ ಬೆನ್ನುಹತ್ತುತ್ತದೆ.

ಇನ್ನು ಮೀನಿನ ಪಾಡನ್ನು ನೋಡೋಣ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಬಂಗುಡೆಯಂಥ ಮೀನಿನ ರಕ್ತದಲ್ಲಿರುವುದು ಅದರ ಮೂರನೆಯ ಒಂದು ಪಾಲಿನಷ್ಟೇ. ಎಂದಮೇಲೆ ಸಮುದ್ರದಲ್ಲಿರುವ ಬಂಗುಡೆ ಭರಣಿಯಲ್ಲಿರುವ ಮಿಡಿಯಂತೆ. ಸುತ್ತಲೂ ನೀರಿದ್ದರೂ ಅದರ ಮೈನೀರು ಹೊರಕ್ಕೆ ಸೋರುತ್ತಲೇ ಇರುತ್ತದೆ. ಅದು ಮಾಡುವುದೇನು? ಉಪ್ಪುನೀರನ್ನೇ ಕುಡಿಯುತ್ತದೆ, ಕುಡಿದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡುತ್ತದೆ. ಕಡಲಮೀನು ನೀರು ಕುಡಿಯುವ ಸಂಗತಿಯನ್ನು ಹೋಮರ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ 1930ರಲ್ಲಿ ತೋರಿಸಿಕೊಟ್ಟರು. ಕೆರೆಯ ರೋಹು ಮೀನಿನದು ಇದಕ್ಕೆ ತಿರುಗುಮುರುಗು. ಅದು ಒಣದ್ರಾಕ್ಷಿಯ ಜಾತಿ. ನೀರು ತಾನಾಗಿ ಒಳನುಗ್ಗುತ್ತದೆ. ಆದ್ದರಿಂದ ಅದು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ತಿಳಿಯಾದ ಮೂತ್ರವನ್ನು ಧಾರಾಳವಾಗಿ ಬಿಟ್ಟು, ಕಿವಿರುಗಳಿಂದ ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ. ಕಡಲಿನಿಂದ ನದಿಗೆ ಏರಿ ಬರುವ ಹಿಲ್ಸಾ ದಾರಿಯಲ್ಲೇ ತನ್ನ ಕಿವಿರಿನ ಕೆಲಸವನ್ನೆಲ್ಲ ಹಿಂದುಮುಂದು ಮಾಡಿಕೊಳ್ಳಬೇಕು!

ಶಾರ್ಕಿನ ಉಪಾಯವೇ ಬೇರೆ. ನಮ್ಮ ಕರಾವಳಿಯವರು ತಾಟೆ ಎನ್ನುವ ಮೀನು ಅದು. ಉಳಿದ ಪ್ರಾಣಿಗಳು ಮೂತ್ರದಲ್ಲಿ ಹೊರಹಾಕುವ ಯೂರಿಯಾವನ್ನು ಅದು ರಕ್ತದಲ್ಲೇ ತುಂಬಿಕೊಂಡು, ಒಳಗಿನ ಸಾಂದ್ರತೆಯನ್ನು ಸಮುದ್ರಕ್ಕೆ ಸರಿಸಮವಾಗಿ, ಒಂದಿಷ್ಟು ಹೆಚ್ಚಾಗಿಯೇ, ಇರಿಸಿಕೊಳ್ಳುತ್ತದೆ. ನೀರು ಸೋರುವ ಭಯವೇ ಇಲ್ಲ. ತಾಟೆ ಹಳಸಿದರೆ ಮೂಗಿಗೆ ಹೊಡೆಯುವ ಆ ನಾತ ಇದೇ ಯೂರಿಯಾ ಕೊಳೆತು ಹುಟ್ಟಿದ ಅಮೋನಿಯಾದ್ದು. ಮಾರುಕಟ್ಟೆಯಲ್ಲಿ ಮೂಸಿ ನೋಡಿ ಕೊಳ್ಳುವ ತಾಯಂದಿರು ತಮಗರಿವಿಲ್ಲದೆಯೇ ರಸಾಯನಶಾಸ್ತ್ರದ ಪರೀಕ್ಷೆ ನಡೆಸುತ್ತಾರೆ.

ನಮ್ಮ ಕವಿಗಳು ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆಂದು ಕೊಂಡಾಡುತ್ತ ಬಂದಿದ್ದಾರೆ. ಅದರ ಸತ್ಯಾಸತ್ಯ ಹೇಗೇ ಇರಲಿ, ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಹಂಸವಂತೂ ನಮ್ಮ ನೆರೆಯಲ್ಲೇ ಇದೆ. 1994ರ ಸುಮಾರಿನಿಂದ ಶಿವಡಿಯ ಕೆಸರುಬಯಲಿಗೆ ಚಳಿಗಾಲದಲ್ಲಿ ಬರತೊಡಗಿದ ಫ್ಲೆಮಿಂಗೊ, ಅಂದರೆ ರಾಜಹಂಸ, ಅಂಥದು. ಇದೇ ಹಕ್ಕಿಗಳಿಗಾಗಿ ಠಾಣೆಯ ಖಾರಿಯ ಒಂದು ಭಾಗವನ್ನು 2015ರಲ್ಲಿ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಉಪ್ಪು ಕೆಸರಿನಲ್ಲಿ ಕೊಕ್ಕು ತಲೆಕೆಳಗು ಮಾಡಿ ಸೋಸಿ ತಿನ್ನುವ ಈ ಹಕ್ಕಿಯ ಹೊಟ್ಟೆಗೆ ಆಹಾರದೊಂದಿಗೆ ಉಪ್ಪೂ ಹೋಗುತ್ತದೆ. ಅಷ್ಟನ್ನೂ ಹೊರಹಾಕುವುದು ಅದರ ಮೂತ್ರಪಿಂಡದ ಅಳವಲ್ಲ. ಅದಕ್ಕೆಂದೇ ಕಣ್ಣಿನ ಮೇಲ್ಗಡೆ ಒಂದು ಜೊತೆ ಗ್ರಂಥಿಗಳಿವೆ. ಅವು ಗಟ್ಟಿ ಉಪ್ಪುನೀರನ್ನು ಒಸರಿಸಿ ಮೂಗಿನ ಹೊಳ್ಳೆಯಿಂದ ತೊಟ್ಟಿಕ್ಕಿಸುತ್ತವೆ. ಕಡಲಹಕ್ಕಿಗಳಲ್ಲಿ ಈ ಗ್ರಂಥಿಯ ಕೆಲಸವನ್ನು ಬೆಳಕಿಗೆ ತಂದವರು ನಟ್ ಶ್ಮಿಟ್-ನೀಲ್ಸನ್. ಅದು 1957ರ ಮಾತು. ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು ಸಮುದ್ರದ ನೀರನ್ನು ಕುಡಿಸಿದ ಗಲ್ ಹಕ್ಕಿಯೊಂದು ಸುಮಾರು ಮೂರು ಗಂಟೆಗಳಲ್ಲಿ ಆ ಉಪ್ಪನ್ನು ಹೊರಹಾಕಿತಂತೆ.

ಮನುಷ್ಯನಿಗೆ ಕಿವಿರೂ ಇಲ್ಲ, ಆ ಗ್ರಂಥಿಯೂ ಇಲ್ಲ. ನಮ್ಮ ಮೂತ್ರಪಿಂಡ ಎಷ್ಟು ಹೆಣಗಿದರೂ ನೂರಕ್ಕೆ ಎರಡರಷ್ಟು ಉಪ್ಪಿಗಿಂತ ಗಟ್ಟಿಯಾದ ಮೂತ್ರವನ್ನು ಮಾಡಲಾರದು. ಒಂದು ಲೀಟರು ಸಮುದ್ರದ ನೀರು ಕುಡಿದರೆ, ಅದರ ಉಪ್ಪನ್ನು ಕಳೆಯಲು ಒಂದೂವರೆ ಲೀಟರಿಗೂ ಮೀರಿ ನೀರು ಖರ್ಚು. ಆ ಹೆಚ್ಚಿನ ನೀರು ಮೈಯಿಂದಲೇ ಹೋಗಬೇಕು. ಕಡಲ ನಡುವೆ ನೀರಡಿಸಿ ಸಾಯುವುದು ಹೀಗೆ.

ಈಗ ಆ ಮಗುವಿನ ಕಡೆಗೆ ಬರೋಣ. ಭೇದಿಯಲ್ಲಿ ಕರುಳಿನಿಂದ ಉಪ್ಪು ಹೊರಟುಹೋಗುತ್ತದೆ, ಅದರ ಬೆನ್ನಿಗೆ ನೀರೂ. ಬರಿಯ ನೀರು ಕೊಟ್ಟರೆ ಸಾಲದು. ಅದನ್ನು ಒಳಗೆಳೆಯಲು ಉಪ್ಪು ಬೇಕು. ರೋಗದ ಕರುಳು ಉಪ್ಪನ್ನು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಗ್ಲೂಕೋಸ್ ಜೊತೆಗಿದ್ದರೆ ಬಿಟ್ಟುಕೊಳ್ಳುತ್ತದೆ! ಉಪ್ಪೂ ಗ್ಲೂಕೋಸೂ ಕೈಹಿಡಿದು ಒಂದೇ ಬಾಗಿಲಿನಿಂದ ಒಳಹೋಗುತ್ತವೆಂದು ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸರ ಬಳಿ ರಕ್ತನಾಳಕ್ಕೆ ಏರಿಸುವ ದ್ರಾವಣ ಮುಗಿಯುತ್ತ ಬಂದಿತ್ತು. ಅವರು ಉಪ್ಪು, ಗ್ಲೂಕೋಸು, ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು. ಇಷ್ಟು ತಡವೇಕೆಂಬ ಕೊರಗು ನಮಗಿದೆ.

ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣವೇ ಉತ್ತಮ, ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಸಿಗದಿದ್ದಾಗ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪನ್ನು ಮಾತ್ರ ಕೈಯಂದಾಜಿನಲ್ಲಿ ಹಾಕಕೂಡದು. ಹೆಚ್ಚಾದರೆ ಮಗುವೇ ಭರಣಿಯ ಮಿಡಿಯಾದೀತು. ಗುಟುಕು ಗುಟುಕಾಗಿ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೊರಡಿ.

ಈ ಮಾತುಗಳನ್ನು ಮೊದಲು ನಮ್ಮ ಮನೆಯ ಅಜ್ಜಿಯವರ ಮುಂದೆ ಆಡಿ ನೋಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಕಾಲದಲ್ಲಿ ಗಂಜಿತಿಳಿಗೆ ಒಂದಿಷ್ಟು ಉಪ್ಪು ಹಾಕಿ ಕೊಡುತ್ತಿದ್ದೆವಲ್ಲ, ಅದು ತಪ್ಪೇನಪ್ಪಾ?" ತಪ್ಪಲ್ಲ ಅಜ್ಜಿ, ಅಕ್ಕಿಯ ಹಿಟ್ಟು ಕರುಳಿನಲ್ಲಿ ಒಡೆದು ಗ್ಲೂಕೋಸೇ ಆಗುತ್ತದೆ ಎಂದೆವು. ಅವರು ನಕ್ಕು, ಒಲೆಯ ಮೇಲಿನ ಗಂಜಿ ನೋಡಲು ಎದ್ದುಹೋದರು.